ಹವಾಲ್ದಾರನ ಬಲಗಾಲು

೯ ಜೂನ್ ೨೦೨೫, ಸೋಮವಾರ

ನರ್ಸಬಾಯಿ ಕೊಟ್ಟ ವಹಿ ಬೇರೆ, ಇದು ಬೇರೆ. ಅದರಲ್ಲಿ ನನ್ನ ಮಗ ಸುಭಾಷ ದಿನಕ್ಕೆ ಎಷ್ಟು ಬೀಡಿ ಸೇದಿದ, ಗುಳಿಗೆ ನುಂಗಿದನೋ ಇಲ್ಲವೋ, ಅಷ್ಟು ಮಾತ್ರ ಬರೆಯಬೇಕಂತೆ. ಅಷ್ಟಕ್ಕೇ ಸುಮ್ಮನಾಗುವ ಹೆಂಗಸು ನಾನಲ್ಲ. ಮೊಮ್ಮಗಳು ಶೇವಂತಿ ಅರ್ಧ ಬರೆದು ಬಿಸಾಕಿದ ಗಣಿತದ ವಹಿಯೊಂದಿತ್ತು. ಅದರ ಉಳಿದ ಹಾಳೆಗಳು ನನಗೆ. ನನ್ನನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಅಕ್ಷರ ಸೊಟ್ಟಗಿರಲಿ, ಓದುವವರು ಯಾರಿದ್ದಾರೆ?

ಇವತ್ತು ಜಮಖಂಡಿಯಲ್ಲಿ ಬಸ್ಸು ಬದಲಿಸಿ ಮಾಜಿ ಸೈನಿಕರ ದವಾಖಾನೆಗೆ ಹೋಗಿಬಂದೆವು. ಸುಭಾಷ ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರನಾಗಿ ಹೊರಬಿದ್ದವ. ನಾಲ್ಕು ವರ್ಷದಿಂದ ಬನಹಟ್ಟಿಯ ನಮ್ಮ ಮನೆಯಲ್ಲೇ ಎರಡು ಪವರ್‌ಲೂಮ್ ನಡೆಸುತ್ತಾನೆ. ಗುಂಡು ತಾಗದೆ ಬಂದ ಮೈ. ಈಗ ಬಲಗಾಲಿನ ಎರಡನೇ ಬೆರಳ ತುದಿ ಕಪ್ಪಾಗಿದೆ, ಹುಣ್ಣಾಗಿದೆ, ತಿಂಗಳಾದರೂ ಮಾಯುತ್ತಿಲ್ಲ. ಇಪ್ಪತ್ತು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಾನೆ.

ಡಾಕ್ಟರಬಾಯಿ ರಾಜೇಶ್ವರಿ ಬೀಳಗಿ ಕಡೆಯವಳು, ಮಾತು ನಮ್ಮದೇ. ಕಾಲು ಹಿಡಿದು, ಅಲ್ಲಲ್ಲಿ ಒತ್ತಿ ನೋಡಿ ಹೇಳಿದಳು: "ಹವಾಲ್ದಾರ್, ಇದು ಸಕ್ಕರಿ ಕಾಯಿಲೆ ಅಲ್ರಿ. ಸೇದಿ ಸೇದಿ ಕಾಲಿನ ರಕ್ತನಾಳ ಮುಚ್ಚಾಕತ್ತಾವು. ಪೂರ್ತಿ ಬಿಟ್ರ ಕಾಲು ಉಳೀತೈತಿ. ಬಿಡಲಿಲ್ಲಂದ್ರ ಮೊದಲ ಬೆರಳು, ಆಮ್ಯಾಲ ಪಾದ, ಆಮ್ಯಾಲ ಮೊಣಕಾಲು."

"ಇವರಪ್ಪನೂ ಸೇದ್ತಿದ್ದರಿ. ಸಾಯೂತನಕ ಕಾಲು ಕಂಬ ಇದ್ದಂಗ ಇತ್ತು" ಎಂದೆ.

"ಎಲ್ಲಾರಿಗೂ ಆಗೂದಿಲ್ಲಮ್ಮಾ. ನಿಮ್ಮ ಮಗಗ ಆಗೇತಿ."

ಬೀಡಿ ಬಿಡಿಸಲಿಕ್ಕೂ ಗುಳಿಗೆ ಇದೆ ಎಂದು ನನಗೆ ಇವತ್ತೇ ಗೊತ್ತಾದದ್ದು. ಮೊದಲ ಮೂರು ದಿನ ಒಂದೊಂದು, ಆಮೇಲೆ ದಿನಕ್ಕೆ ಎರಡು, ಎಂಟನೇ ದಿನದಿಂದ ದೊಡ್ಡ ಗುಳಿಗೆ, ಒಟ್ಟು ಹನ್ನೆರಡು ವಾರ. ಊಟವಾದ ಮೇಲೆ ತಂಬಿಗೆ ನೀರಿನ ಜೊತೆ. ಮೊದಲ ಏಳು ದಿನ ಸೇದಿದರೂ ನಡೆಯುತ್ತದೆ, ಎಂಟನೇ ದಿನ ಬಂದ್. ಸಿಗರೇಟು ಬೇಡ, ಗುಟಕಾ ಬೇಡ, ಜರ್ದಾ ಬೇಡ ಎಂದು ಬೆರಳು ಮಡಚಿ ಹೇಳಿದಳು. "ಬೀಡಿ ಬಿಟ್ಟು ಬ್ಯಾರೆ ಏನೂ ಇಲ್ಲ ಮೇಡಂ" ಎಂದ ಇವನು. ಆಮೇಲೆ ಅವಳು ಒಂದು ಚೀಟಿಯ ಮೇಲೆ ಬರೆದಳು: ಹದಿನೇಳು ಜೂನ್, ಬೆಳಗಿನ ಆರು ಗಂಟೆ, ಬೀಡಿ ಬಂದ್. "ಇದು ಆರ್ಡರ್ ಹವಾಲ್ದಾರ್."

ಹೆಂಡತಿ ಮಂಗಲಾ ಹದಿನೈದು ವರ್ಷ ಅತ್ತರೂ ಅಲುಗದವ, ಆ ಚೀಟಿಗೆ ಎದ್ದು ನಿಂತು ಹಿಮ್ಮಡಿ ಕೂಡಿಸಿದ. ನೋವಿಗೆ ಮುಖ ಹಿಂಡಿತು, ಆದರೂ ಕೂಡಿಸಿದ.

ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಹೊಗೆ. "ಲೇ ಹವಾಲ್ದಾರ, ಕಾಲು ಕೊಳ್ಯಾಕತ್ತೈತಿ, ನಿಂಗ ಬೀಡಿ ಬೇಕೇನಲೇ?" ಎಂದೆ. "ಇನ್ನೂ ಏಳು ದಿನ ಪರವಾನಗಿ ಐತಿ ಬೇ" ಅಂದ. ಅವನಿಗೆ ಬೈದು ಬೈದು ಬಾಯಿ ಒಣಗಿತು. ಚೀಲದಿಂದ ಡಬ್ಬಿ ತೆಗೆದು ಒಂದು ಚಿಟಿಕೆ ಮಿಶ್ರಿ ಹಲ್ಲಿಗೆ ಹಚ್ಚಿಕೊಂಡೆ. ಅಂಗಡಿಯದ್ದು ನನಗೆ ಸೇರುವುದಿಲ್ಲ. ತಂಬಾಕು ತಂದು, ಹಂಚಿನ ಮೇಲೆ ಕರ್ರಗೆ ಹುರಿದು ನಾನೇ ಪುಡಿ ಮಾಡಿಕೊಳ್ಳುತ್ತೇನೆ. ಹದಿನಾಲ್ಕನೇ ವಯಸ್ಸಿನಿಂದ ಇದೇ ನನ್ನ ಹಲ್ಲುಪುಡಿ. ಅರವತ್ತೊಂಬತ್ತಾದರೂ ಜೋಳದ ರೊಟ್ಟಿ ಕಟುಮು ಕಟುಮು ಕಡಿಯುತ್ತೇನೆ.

೧೨ ಜೂನ್, ಗುರುವಾರ

ಐದು ಗಂಟೆಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದ್ದಾನೆ. ಹಿತ್ತಲ ಗಟಾರದ ಮೇಲೆ ಬಗ್ಗಿ ಒಂದೇ ಸಮ ವಾಂತಿ. ಮಂಗಲಾ ಬೆನ್ನು ತಿಕ್ಕುತ್ತ, "ಊಟ ಆದಮ್ಯಾಲ ಅಂದಿದ್ರಲ್ರಿ ಡಾಕ್ಟರಬಾಯಿ" ಎಂದಳು. "ಟೈಮ್ ಅಂದ್ರ ಟೈಮ್" ಅಂತಾನೆ ಇವನು, ಬಾಯಿ ಒರೆಸಿಕೊಳ್ಳುತ್ತ. ಇಂಥವರ ಕೈಯಲ್ಲಿ ದೇಶದ ಗಡಿ ಹೇಗೆ ಉಳಿಯಿತೋ.

ನಾಳೆಯಿಂದ ಐದಕ್ಕೇ ರೊಟ್ಟಿ ತಟ್ಟುತ್ತೇನೆ. ತಿಂದೇ ನುಂಗಲಿ.

ಬೀಡಿ ಹತ್ತೊಂಬತ್ತು.

೧೬ ಜೂನ್, ಸೋಮವಾರ

ಹನ್ನೊಂದೇ ಬೀಡಿ. "ಯವ್ವಾ, ಸೇದಿದ್ರ ಬಾಯಾಗ ಮಣ್ಣು ತುರಕಿದಂಗ ಆಗ್ತೈತಿ" ಅಂದ. ಗುಳಿಗೆಗೆ ಕಸುವಿದೆ, ಒಪ್ಪಿದೆ.

ಸಂಜೆ ಮಗ್ಗ ನಿಲ್ಲಿಸಿ ಹೊರಸಿನ ಮಂಚದ ಮೇಲೆ ಜಮಖಾನೆ ಹಾಸಿದ. ಉಳಿದ ಬೀಡಿಕಟ್ಟು ಮೂರು, ಕಡ್ಡಿಪೆಟ್ಟಿಗೆ ಎರಡು, ಲೈಟರ್ ಒಂದು, ಎಲ್ಲ ಸಾಲಾಗಿ ಇಟ್ಟ. ಮಂಗಲಾಳನ್ನು ಕರೆದು, "ಎಣಿಸಿ ತೊಗೊ" ಎಂದ. ಅವಳು ಸೆರಗಿನಲ್ಲಿ ತುಂಬಿಕೊಂಡು ಹೋಗಿ ನೀರೊಲೆಗೆ ಹಾಕಿದಳು. ಅವಳು ಅಷ್ಟು ಜೋರಾಗಿ ಓಡಿದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ನೋಡಿಲ್ಲ.

೧೭ ಜೂನ್, ಮಂಗಳವಾರ

ಆರಕ್ಕೆ ಅಂಗಳದಲ್ಲಿ ಸುಮ್ಮನೆ ನಿಂತಿದ್ದ. ಇವತ್ತು ಸೊನ್ನೆ.

೨೦ ಜೂನ್, ಶುಕ್ರವಾರ

ಮೂರು ದಿನ ಸೊನ್ನೆ, ಇವತ್ತೂ ಸೊನ್ನೆ. ಆದರೆ ಮನೆಯಲ್ಲಿ ಇರಲಿಕ್ಕಾಗುವುದಿಲ್ಲ. ನೂಲು ಹರಿದರೆ ಮಗ್ಗಕ್ಕೆ ಒದೆಯುತ್ತಾನೆ, ಅದೂ ಹುಣ್ಣಿರುವ ಕಾಲಿನಿಂದ. ಶೇವಂತಿ ಮೊಬೈಲಿನಲ್ಲಿ ಮಾತಾಡಿದ್ದಕ್ಕೆ ತಟ್ಟೆ ಎಸೆದ. ಮಧ್ಯಾಹ್ನ ನೋಡುತ್ತೇನೆ, ಮಗ್ಗದ ಹಿಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಬಾಯಲ್ಲಿ ಕಂಡಿಕೆಯ ಕೊಳವೆ. ಖಾಲಿ ಕೊಳವೆಯನ್ನು ಬೀಡಿಯಂತೆ ಎಳೆಯುತ್ತಿದ್ದಾನೆ. ಕಣ್ಣಲ್ಲಿ ನೀರು.

ನಲವತ್ತೈದು ವರ್ಷದ ಗಂಡಸು, ಮೀಸೆ ಹೊತ್ತವ. ಡಬ್ಬಿ ಬಿಚ್ಚಿ ಮುಂದೆ ಹಿಡಿದೆ.

"ತೊಗೊ. ಒಂದು ಚಿಟಿಕಿ ಹಲ್ಲಿಗೆ ಹಚ್ಚು. ಬಾಯಿಗೆ ಏನರ ಕೆಲಸ ಇರ್ತೈತಿ."

"ಬ್ಯಾಡ ಬೇ. ಆರ್ಡರ್ ಐತಿ."

"ಆರ್ಡರ್ ಬೀಡೀದಲೇ. ಇದರಾಗ ಹೊಗಿ ಎಲ್ಲೈತಿ? ತಂಬಾಕಿನ ದೋಷ ಎಲ್ಲಾ ಹಂಚಿನ ಮ್ಯಾಲೇ ಸುಟ್ಟು ಹೋಗಿರ್ತೈತಿ. ಐವತ್ತೈದು ವರ್ಷ ಆತು ಹಚ್ಚಾಕತ್ತು, ನನ್ನ ಕಾಲಿಗೆ ಏನಾಗೇತಿ? ನೋಡಿಲ್ಲಿ."

ಸೀರೆ ಎತ್ತಿ ಪಾದ ತೋರಿಸಿದೆ. ನಕ್ಕ. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕ. ಬೆರಳಿಗೆ ಹಚ್ಚಿಕೊಂಡು ಒಸಡಿಗೆ ತಿಕ್ಕಿದ. ಸ್ವಲ್ಪ ಹೊತ್ತಿಗೆ ಭುಜ ಇಳಿಯಿತು. ಎದ್ದು ಹೋಗಿ ಹರಿದ ನೂಲು ಕಟ್ಟಿದ.

೨೯ ಜೂನ್, ರವಿವಾರ

ಗುಳಿಗೆ ನುಂಗಿದರೆ ಕನಸು ಬಹಳ ಬೀಳುತ್ತವೆ ಎಂದು ಡಾಕ್ಟರಬಾಯಿ ಮೊದಲೇ ಹೇಳಿದ್ದಳು. ಇವತ್ತು ನಾಷ್ಟಾ ಮಾಡುವಾಗ ತಾನಾಗಿಯೇ ಹೇಳಿದ. ಕನಸಿನಲ್ಲಿ ಹಿಮದ ಚೌಕಿಯಂತೆ, ಕೈಯಲ್ಲಿ ಬಂದೂಕಿನ ಬದಲು ಜರಿಯ ಸೀರೆಯಂತೆ, ಅದು ಮುಗಿಯುವುದೇ ಇಲ್ಲವಂತೆ. ಆ ಚೌಕಿಯಲ್ಲೇ ಕಲಿತದ್ದು ಹೊಗೆ ಎಂದ. ಇಪ್ಪತ್ತು ವರ್ಷದ ಹುಡುಗ, ಕಾಲು ಮರಗಟ್ಟಿ ಅಳುತ್ತಿದ್ದನಂತೆ. ನಿದ್ದೆ ಹೋದರೆ ಸತ್ತೆ ಎಂದು ಪಂಜಾಬಿನ ನಾಯಕನೊಬ್ಬ ಸಿಗರೇಟು ಹಚ್ಚಿ ಬಾಯಿಗಿಟ್ಟನಂತೆ.

"ಅವ ಈಗ ಎಲ್ಲದಾನಪ್ಪಾ?" ಶೇವಂತಿ ಕೇಳಿದಳು.

"ಅಲ್ಲೇ ಅದಾನವ್ವಾ" ಎಂದ.

ನಮಗ್ಯಾರಿಗೂ ಗೊತ್ತಿರಲಿಲ್ಲ. ರಜೆಗೆ ಬಂದಾಗಲೆಲ್ಲ "ಛಲೋ ಅದೇನಿ" ಎಂದಷ್ಟೇ ಹೇಳುತ್ತಿದ್ದವ.

ಗುಳಿಗೆಯೂ ಕೆಲಸ ಮಾಡುತ್ತಿದೆ, ನನ್ನ ಡಬ್ಬಿಯೂ ಕೆಲಸ ಮಾಡುತ್ತಿದೆ. ಈಗ ಇಬ್ಬರಿಗೆ ಬೇಕಾದ್ದರಿಂದ ಹಂಚು ದಿನಾ ಕಾಯುತ್ತದೆ. ಪಕ್ಕದ ಮನೆಯ ತಂಗೆವ್ವ ಘಾಟಿಗೆ ಕೆಮ್ಮಿ ಕೆಮ್ಮಿ, "ರುಕ್ಮವ್ವಾ, ಅಂಗಡಿ ಇಡಾಕತ್ತೀಯೇನ ಬೇ?" ಎಂದು ಕೂಗಿದಳು. "ನಿನಗ ಉದ್ರಿ ಇಲ್ಲ ಹೋಗ" ಎಂದೆ.

೭ ಜುಲೈ, ಸೋಮವಾರ

ದವಾಖಾನೆಯಲ್ಲಿ, ಉಸಿರಿನಲ್ಲಿ ಬೀಡಿಯ ಹೊಗೆ ಎಷ್ಟಿದೆ ಎಂದು ತೋರಿಸುವ ಸಣ್ಣ ಯಂತ್ರದೊಳಗೆ ಊದಿಸಿದರು. ಮೊದಲ ಸಲ ಇಪ್ಪತ್ತೆಂಟು ಬಂದಿತ್ತಂತೆ, ಇವತ್ತು ಮೂರು. "ಶಾಬಾಶ್ ಹವಾಲ್ದಾರ್! ನನ್ನ ಕಡೆ ಬಂದ ಹತ್ತು ಮಂದ್ಯಾಗ ಇಬ್ರು ಬಿಟ್ಟಿದ್ರ ಹೆಚ್ಚು" ಎಂದಳು ಡಾಕ್ಟರಬಾಯಿ. ಬೆರಳು ಇನ್ನೂ ಮಾಯ್ದಿಲ್ಲ, ಆದರೆ ರಕ್ತ ಹರಿಯಲು ದಿನ ಬೇಕು, ನೋಡೋಣ ಎಂದಳು.

ನನ್ನ ಮಿಶ್ರಿಯ ಪಾಲೂ ಇದೆ ಎಂದು ಹೇಳಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಬ್ಬ ಮುದುಕ ಸುಬೇದಾರನನ್ನು ಕುರ್ಚಿಯಲ್ಲಿ ತಂದರು. ಅವಳು ಎದ್ದು ಹೋದಳು.

೨೧ ಜುಲೈ, ಸೋಮವಾರ

ಬೆರಳು ಪೂರ್ತಿ ಕಪ್ಪು. ಪಕ್ಕದ ಹೆಬ್ಬೆರಳೂ ನೀಲಿಗಟ್ಟಿದೆ. ಪಾದ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗಿದೆ. ಮಲಗಿದರೆ ನೋವು ತಡೆಯದೆ, ಕಾಲು ಇಳಿಬಿಟ್ಟು ಕೂತೇ ಇರುತ್ತಾನೆ. ಮಗ್ಗದ ಮುಂದೆ ನಿಲ್ಲಲಾಗದೆ ಸ್ಟೂಲ್ ಇಟ್ಟುಕೊಂಡಿದ್ದಾನೆ.

ಮಂಗಲಾ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: "ಅತ್ತೀ, ಇವರು ಕದ್ದು ಸೇದಾಕತ್ತಾರ್ರಿ. ಇಲ್ಲಂದ್ರ ಕಾಲು ಯಾಕ ಹಿಂಗಾಗ್ತೈತಿ? ಡಾಕ್ಟರಬಾಯಿ ಏನಂದ್ರು, ಬಿಟ್ರ ಉಳೀತೈತಿ ಅಂದ್ರಿಲ್ಲೋ?"

ಹೌದು, ಹಾಗೇ ಅಂದಿದ್ದಳು. ಯಂತ್ರಕ್ಕೆ ಊದುವ ದಿನವಷ್ಟೇ ಸೇದದೆ ಹೋಗಿರಬಹುದು. ಮಿಲಿಟರಿಯವರಿಗೆ ಇನ್‌ಸ್ಪೆಕ್ಷನ್ ದಾಟಿಸುವ ಕಲೆ ಗೊತ್ತಿರುತ್ತದೆ. ಇವನ ಈ ಕಳ್ಳತನ ನನ್ನ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು.

೨೪ ಜುಲೈ, ಗುರುವಾರ

ಅವನ ಕರಿ ಟ್ರಂಕು ತೆಗೆದೆ. ಬಾಗಿಲಿಗೆ ಬಂದು ನಿಂತ.

"ಏನ ಹುಡಕಾಕತ್ತಿ ಬೇ?"

"ನಿನ್ನ ಸುಳ್ಳು ಹುಡಕಾಕತ್ತೇನಿ. ಎಲ್ಲಿಟ್ಟೀ ಬೀಡಿ?"

ಕುಂಟುತ್ತ ಬಂದು ಟ್ರಂಕಿನಿಂದ ಒಂದೊಂದೇ ತೆಗೆದು ನೆಲದ ಮೇಲಿಟ್ಟ. ಬೂಟು, ಬೆಲ್ಟು, ಎರಡು ಮೆಡಲ್ಲು, ಮಂಗಲಾ ಬರೆದ ಕಾಗದಗಳ ಕಟ್ಟು. ಆಮೇಲೆ ತಲೆದಿಂಬಿನ ಅರಿವೆ ಕಳಚಿದ. ಅಂಗಿ ತೆಗೆದು ಜೇಬು ಹೊರಗೆಳೆದು ತೋರಿಸಿದ. ಬರಿಮೈಯಲ್ಲಿ ನಿಂತು, "ಮುಗೀತೇನ? ಇನ್ನೂ ಐತೇನ ಚೆಕ್ ಮಾಡೂದು?" ಎಂದ.

ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಶೇವಂತಿಯನ್ನು ಎಳೆದು ತಂದು ಅವನ ಮುಂದೆ ನಿಲ್ಲಿಸಿದೆ. "ಮಗಳ ತಲಿ ಮುಟ್ಟಿ ಆಣಿ ಮಾಡು. ಸೇದಿಲ್ಲಂತ ಆಣಿ ಮಾಡು."

ಅವಳು ಅಳಲು ಶುರುಮಾಡಿದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ. "ಹದಿನೇಳನೇ ತಾರೀಖಿನಿಂದ ಒಂದೂ ಸೇದಿಲ್ಲ" ಎಂದ. ಕಣ್ಣು ನನ್ನ ಮೇಲೇ ಇತ್ತು.

"ಆಣಿ ಮಾಡಿದ್ರ ಕಾಲು ಬೆಳ್ಳಗಾಗ್ತೈತೇನು? ನಿನಗ ಮಗಳಿಗಿಂತ ಬೀಡಿ ಹೆಚ್ಚಾತು" ಎಂದೆ. ಅಂದುಬಿಟ್ಟೆ.

ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಡಬ್ಬಿ ಒಯ್ದು ಹೊರಸಿನ ಮೇಲಿಟ್ಟು ಬಂದೆ. ಸಿಟ್ಟು ಎಷ್ಟೇ ಇರಲಿ, ಅದನ್ನು ಮಾತ್ರ ಬೇಡ ಎನ್ನಲಿಲ್ಲ.

೨ ಆಗಸ್ಟ್, ಶನಿವಾರ

ನನ್ನ ಜೊತೆ ಮಾತಿಲ್ಲ. ಮಂಗಲಾಳ ಜೊತೆಯೂ ಇಲ್ಲ. ಗುಳಿಗೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗುತ್ತಾನೆ. ಬೆರಳಿನಿಂದ ವಾಸನೆ ಬರುತ್ತಿದೆ.

೪ ಆಗಸ್ಟ್, ಸೋಮವಾರ

ಹೇಗೆ ಬರೆಯಲಿ. ಬರೆಯದಿದ್ದರೆ ಎಲ್ಲಿ ಇಡಲಿ.

ದವಾಖಾನೆಯಲ್ಲಿ ಕಾಲು ಬಿಚ್ಚಿ ನೋಡಿದ ಡಾಕ್ಟರಬಾಯಿ ಎದ್ದು ಕಿಟಕಿ ತೆರೆದಳು. ಯಂತ್ರ ತರಿಸಿದಳು. ಊದಿದ. ಎರಡು ಬಂತು. ಇನ್ನೊಮ್ಮೆ ಊದಿಸಿದಳು, ಎರಡೇ. "ಇವರು ಬೀಡಿ ಸೇದಿಲ್ಲ. ಖರೇನ ಸೇದಿಲ್ಲ" ಎಂದು ನನ್ನ ಕಡೆ ನೋಡಿ ಹೇಳಿದಳು. ಮನೆಯಲ್ಲಿ ನಡೆದದ್ದನ್ನು ಬಸ್ಸಿನಿಂದ ಇಳಿಯುತ್ತಲೇ ನರ್ಸಬಾಯಿಯ ಮುಂದೆ ನಾನೇ ಒದರಿದ್ದೆ, ಕದ್ದು ಸೇದುತ್ತಾನೆ ಎಂದು. ನನಗೆ ಆಗ ಎಷ್ಟು ಸಂತೋಷವಾಯಿತು, ಎಷ್ಟು ನಾಚಿಕೆಯಾಯಿತು. ಮಗ ಸುಳ್ಳುಗಾರನಲ್ಲ.

"ಹಂಗಾದ್ರ ಕಾಲು ಯಾಕ ಹೊಂಟೈತಿ?" ಎಂದು ಅವಳು ತನಗೆ ತಾನೇ ಕೇಳಿಕೊಂಡಳು. ಆಮೇಲೆ ಬ್ಯಾಟರಿ ತೆಗೆದುಕೊಂಡು, "ಹವಾಲ್ದಾರ್, ಬಾಯಿ ತೆಗೀರಿ" ಎಂದಳು.

ತೆರೆದ. ಒಳಗೆ ನೋಡಿದಳು. ಬ್ಯಾಟರಿ ಆರಿಸಿ ಮೇಜಿನ ಮೇಲಿಟ್ಟಳು.

"ಏನಿದು, ಒಸಡಿಗೆ ಹಚ್ಚೀರಲ್ಲ, ಕರಿದು?"

"ಮಿಶ್ರಿ ಮೇಡಂ. ಹಲ್ಲು ತಿಕ್ಕೂದು."

"ದಿನಾ ಎಷ್ಟು ಸಲ?"

"ಐದಾರು ಸಲ."

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ದನಿ ಏರಿಸಲಿಲ್ಲ. "ಅದು ತಂಬಾಕ್ರಿ. ಹುರಿದ್ರೂ ತಂಬಾಕ, ಸುಟ್ರೂ ತಂಬಾಕ. ಒಸಡಿನಿಂದ ಸೀದಾ ರಕ್ತಕ್ಕ ಹೋಗ್ತೈತಿ. ನಿಮ್ಮ ಕಾಲು ಕೆಡಿಸೂದು ಬರೇ ಹೊಗಿ ಅಲ್ಲ. ಬೀಡಿ ಬಿಟ್ಟು ಇದನ್ನ ಹಿಡದ್ರ ಬಿಟ್ಟಂಗ ಅಲ್ಲ." ಆಮೇಲೆ ಹೇಳಿದಳು: "ನಾನೂ ಇದರ ಹೆಸರು ಹಿಡಿದು ಕೇಳಲಿಲ್ಲ. ಹೆಂಗಸರಿಗೆ ಕೇಳ್ತೇನಿ, ಗಂಡಸರಿಗೆ ಕೇಳೂದು ಹೊಳೀಲಿಲ್ಲ. ಯಾರು ಕೊಟ್ರು ನಿಮಗ ಇದನ್ನ?"

ನಾನು ಪಕ್ಕದಲ್ಲೇ ಕೂತಿದ್ದೆ. ಡಬ್ಬಿ ನನ್ನ ಮಡಿಲ ಚೀಲದಲ್ಲಿತ್ತು. ಯಾರ ಮುಂದೆಯೂ ಸುಮ್ಮನಿರದ ಬಾಯಿ ನನ್ನದು. ಗಂಡನ ಮುಂದೆ, ಅತ್ತೆಯ ಮುಂದೆ, ನೂಲಿನ ಸಾವ್ಕಾರನ ಮುಂದೆ ಒಂದು ದಿನ ತಗ್ಗಿದ್ದಿಲ್ಲ. ಅದು ತೆರೆಯಲೇ ಇಲ್ಲ.

"ನಾನ ತಂದೆ ಮೇಡಂ. ಪಾನ್ ಅಂಗಡ್ಯಾಗ ಸಿಗ್ತೈತಿ" ಎಂದ ಸುಭಾಷ.

ಬೆಳಗಾವಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟಳು. ಗುಳಿಗೆ ನಿಲ್ಲಿಸಬೇಡಿ ಎಂದಳು. ಇನ್ನೂ ಹನ್ನೆರಡು ವಾರ. "ಇನ್ನೊಂದು ತಾರೀಖು ಬರೀಲೇನು ಹವಾಲ್ದಾರ್?" ಎಂದಾಗ ಏಳಲು ಹೋದ. ಆಗಲಿಲ್ಲ. ಕೂತೇ, "ಇವತ್ತೇ ಬರೀರಿ ಮೇಡಂ" ಎಂದ.

ಬಸ್ಸಿನಲ್ಲಿ ಕಿಟಕಿ ಕಡೆ ನನ್ನನ್ನು ಕೂರಿಸಿದ. ಬಿಸಿಲು ಬೀಳುತ್ತದೆ ಎಂದು ಟವೆಲ್ ಕಟ್ಟಿದ.

೫ ಆಗಸ್ಟ್, ಮಂಗಳವಾರ

ಇವತ್ತು ಹಂಚು ಒಲೆಗೆ ಏರಲಿಲ್ಲ.

೧೦ ಆಗಸ್ಟ್, ರವಿವಾರ

ತಲೆ ಸಿಡಿಯುತ್ತದೆ, ಕೈ ನಡುಗುತ್ತದೆ. ವಯಸ್ಸು ಈಗಲೇ ಬಂದು ಕೂತಿತೋ ಏನೋ. ಕಂಡಿಕೆ ಸುತ್ತಲು ಹೋದರೆ ನೂಲು ಮೂರು ಸಲ ಹರಿಯಿತು. ಬೆಕ್ಕಿಗೆ ಸೌಟು ಎಸೆದೆ. ಹಲ್ಲು ಉಪ್ಪಿನಿಂದ ತಿಕ್ಕುತ್ತೇನೆ, ಬಾಯಿ ಬೇರೆಯವರ ಬಾಯಿಯಂತಿದೆ.

ಮಂಗಲಾ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ: "ಅವ ಅಂಗಡ್ಯಾಗ ತಂದಿಲ್ಲ. ನಾ ಕೊಟ್ಟೆ."

ಅವಳ ಕೈ ನಿಂತಿತು. ಮತ್ತೆ ಬಡಿಯತೊಡಗಿತು. "ಗೊತ್ತೈತ್ರಿ ಅತ್ತೀ. ದಿನಾ ಹಂಚು ಕಾಯೂದು ನನಗ ಕಾಣ್ತಿದ್ದಿಲ್ಲೇನ್ರಿ? ಬೀಡಿಗಿಂತ ಛಲೋ ಅಂತ ನಾನೂ ಸುಮ್ನಿದ್ದೆ."

ಬೈದಿದ್ದರೆ ಉಣ್ಣುತ್ತಿದ್ದೆ. ಬೈಯಲಿಲ್ಲ.

೧೯ ಆಗಸ್ಟ್, ಮಂಗಳವಾರ, ಬೆಳಗಾವಿ

ಬೆರಳು ಕತ್ತರಿಸಿದರೆ ಸಾಲದಂತೆ. ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ತೆಗೆಯುತ್ತಾರಂತೆ. ಕಾಗದಕ್ಕೆ ಮಂಗಲಾ ಸಹಿ ಮಾಡಿದಳು. ಸಾಕ್ಷಿಗೆ ನನ್ನ ಸಹಿಯೂ ಬೇಕೆಂದರು. ನನ್ನ ಹೆಸರು ಇಷ್ಟು ಉದ್ದ ಎಂದು ಇವತ್ತೇ ಗೊತ್ತಾಯಿತು.

೨೨ ಆಗಸ್ಟ್, ಶುಕ್ರವಾರ

ಆಯಿತು.

೨೩ ಆಗಸ್ಟ್, ಶನಿವಾರ, ಬನಹಟ್ಟಿ

ನಿನ್ನೆ ಮಧ್ಯಾಹ್ನ ದವಾಖಾನೆಯ ಆಳೊಬ್ಬ ಬಂದು ಕೇಳಿದ: "ಕಾಲು ನೀವೇ ಒಯ್ದು ಮಣ್ಣು ಮಾಡ್ತೀರೇನ್ರಿ, ನಮ್ಮ ಕಡೆನೇ ಬಿಡ್ತೀರೋ?" ನಾನು ಒಯ್ಯುತ್ತೇನೆ ಎಂದೆ.

ಮಂಗಲಾಳ ಅಣ್ಣ ಮಲಕಾಜಪ್ಪ ನೂಲಿನ ಮೂಟೆ ಸಾಗಿಸುವ ಗಾಡಿ ತಂದಿದ್ದ. ಅವರು ಹಳದಿ ಚೀಲದಲ್ಲಿ ಕೊಟ್ಟರು. ಮೇಲೆ ಸುತ್ತಲು ನನ್ನ ಬಳಿ ಸುಭಾಷನೇ ನೇಯ್ದ ಸೀರೆ ಇತ್ತು, ಉಟ್ಟದ್ದು ಬದಲಿಸಲೆಂದು ತಂದದ್ದು. ಅದರಲ್ಲೇ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಭಾರ ಎಷ್ಟಿತ್ತು ಎಂದರೆ, ಅವನು ಹುಟ್ಟಿದಾಗ ಇದ್ದಷ್ಟೇ. ಯರಗಟ್ಟಿ ದಾಟುವತನಕ ಮಲಕಾಜಪ್ಪ ಮತ್ತೆ ಮತ್ತೆ ನನ್ನ ಮಡಿಲ ಕಡೆಗೇ ನೋಡುತ್ತಿದ್ದ. ಆಮೇಲೆ, "ಅತ್ತೀ, ಹಿಂದ ಇಡ್ರಿ ಅದನ್ನ" ಎಂದ. "ನೀ ರಸ್ತಾ ನೋಡಿ ಹೊಡಿ" ಎಂದೆ.

ಹೊತ್ತು ಮುಳುಗುವ ಮೊದಲೇ ರುದ್ರಭೂಮಿಗೆ ಹೋದೆವು. ಕುಣಿ ತೋಡುವವ ಅಳತೆ ಕೇಳಿದ. ಹೇಳಿದೆ. "ಕೂಸಿನ ಕುಣಿ ಸಾಕಾತು ಹಂಗಾದ್ರ" ಎಂದು ನನ್ನ ಗಂಡನ ಗದ್ದಿಗೆಯ ಕಾಲಕಡೆ ತೋಡಿದ. ಅಯ್ಯನವರನ್ನು ಮೊದಲೇ ಫೋನಿನಲ್ಲಿ ಕೇಳಿದ್ದೆವು. "ಜೀವ ಇದ್ದವನ ದೇಹಕ್ಕ ಏನಂತ ಮಂತ್ರ ಹೇಳಲಿ ತಾಯೀ, ನೀವ ಇಟ್ಟು ಬರ್ರಿ" ಎಂದಿದ್ದರು.

ಇಳಿಸುವ ಮುಂಚೆ ಸೀರೆ ಸರಿಸಿ ನೋಡಿದೆ. ಮಲಕಾಜಪ್ಪ ಬೇಡ ಎಂದ, ನೋಡಿದೆ. ಹಿಮ್ಮಡಿಯ ಬಳಿ ಮಚ್ಚೆ ಇತ್ತು. ಚಿಕ್ಕಂದಿನಲ್ಲಿ ಎಣ್ಣೆ ಹಚ್ಚುವಾಗ ಅಲ್ಲಿ ಮುಟ್ಟಿದರೆ ಕಾಲು ಝಾಡಿಸುತ್ತಿದ್ದ. ವಿಭೂತಿ ಹಚ್ಚಿದೆ, ಉಪ್ಪು ಹಾಕಿದೆ, ಎರಡು ಬಿಲ್ವದ ಎಲೆ ಇಟ್ಟೆ. ಮೊದಲ ಹಿಡಿ ಮಣ್ಣು ನಾನೇ ಹಾಕಿದೆ. ಹಾಕಬೇಕಾದವಳು ನಾನೇ.

ಮನೆಗೆ ಬಂದು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟೆ. ಮಣ್ಣು ಮಾಡಿ ಬಂದವರು ಸ್ನಾನ ಮಾಡಬೇಕು. ಮಗ ಬದುಕಿದ್ದಾನೆ, ಸ್ನಾನ ಮಾಡಿದರೆ ಅಪಶಕುನ. ತಂಗೆವ್ವನನ್ನು ಕೇಳಿದೆ. ಅವಳಿಗೂ ತಿಳಿಯಲಿಲ್ಲ. ಕೊನೆಗೆ ಮೊಣಕಾಲಿನ ಕೆಳಗಷ್ಟೇ ನೀರು ಹಾಕಿಕೊಂಡೆ.

೧೪ ಸೆಪ್ಟೆಂಬರ್, ರವಿವಾರ

ಮನೆಗೆ ತಂದೆವು. ಇಳಿಸುವಾಗ ಓಣಿಯೆಲ್ಲ ನಿಂತಿತ್ತು. "ಯುದ್ಧದಾಗ ಹೋಗಿದ್ರ ಹೆಸರರ ಬರ್ತಿತ್ತು, ಬೀಡಿ ಸಲುವಾಗಿ ಹೋತು" ಎಂದು ಯಾರೋ ಅಂದರು. ಮೊದಲಾಗಿದ್ದರೆ ಅವರ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದೆ. ಸುಮ್ಮನೆ ಒಳಗೆ ಬಂದೆ.

ಗುಳಿಗೆ ದಿನಾ ಎರಡು. ಬೇರೇನೂ ಇಲ್ಲ. ಮಗ್ಗ ಎರಡೂ ನಿಂತಿವೆ.

ಮಧ್ಯಾಹ್ನ ಬಲಗಾಲಿನ ಬೆರಳು ತುರಿಸುತ್ತಿದೆ ಎಂದ. ಇಲ್ಲದ ಬೆರಳು. ಮಂಗಲಾ ಹೊರಗೆ ಎದ್ದು ಹೋದಳು. ನಾನು ಹೊದಿಕೆಯ ಮೇಲೆ, ಬೆರಳು ಇರಬೇಕಾದ ಜಾಗದಲ್ಲಿ ತುರಿಸಿದೆ. "ಇನ್ನ ಸ್ವಲ್ಪ ಆಕಡೆ ಬೇ" ಎಂದ. ಆ ಕಡೆ ತುರಿಸಿದೆ. "ಹಾಂ, ಆತು" ಎಂದ.

೧೯ ಸೆಪ್ಟೆಂಬರ್, ಶುಕ್ರವಾರ

ಇವತ್ತು ಹೇಳಿಯೇಬಿಡಬೇಕೆಂದು ಕೂತೆ. "ಸುಭ್ಯಾ, ಅವತ್ತ ದವಾಖಾನ್ಯಾಗ ನೀ ಯಾಕ..." ಎಂದೆ.

"ಯವ್ವಾ, ಒಂದು ವಾಟಿ ಚಹಾ ಮಾಡ ಬೇ" ಎಂದ.

ಮಾಡಿದೆ. ಕುಡಿದ. ಅಷ್ಟೇ.

೨೯ ಸೆಪ್ಟೆಂಬರ್, ಸೋಮವಾರ

ಮಂಗಲಾ ಮಲಕಾಜಪ್ಪನ ಕಾರಖಾನೆಗೆ ಕೆಲಸಕ್ಕೆ ಹೋಗಿದ್ದಳು, ಶೇವಂತಿ ಕಾಲೇಜಿಗೆ. ನಾವಿಬ್ಬರೇ. ಹೊರಸಿನ ಅಂಚಿಗೆ ಸರಿದು ಎಡಗಾಲು ಇಳಿಬಿಟ್ಟು ಕೂತಿದ್ದ. ಬಹಳ ಹೊತ್ತಿನಿಂದ ಆ ಕಾಲನ್ನೇ ನೋಡುತ್ತಿದ್ದ. ತಾನೇ ಬಗ್ಗಿ ಮುಟ್ಟಲು ಹೋದರೆ ತೋಲ ತಪ್ಪಿ ಬೀಳುತ್ತಾನೆ.

"ಯವ್ವಾ, ಇಲ್ಲಿ ಬಾ ಬೇ. ಈ ಹೆಬ್ಬೆರಳು ಮುಟ್ಟಿ ನೋಡ. ತಣ್ಣಗ ಆಗೇತೇನು?"

ನೆಲದ ಮೇಲೆ ಕೂತು ಮುಟ್ಟಿದೆ. ಬಲಗಾಲು ಮೊದಲು ಹೇಗಿತ್ತೋ ಹಾಗೇ ಇತ್ತು. ಉಗುರಿನ ಬುಡದಲ್ಲಿ ನೀಲಿ ಗೆರೆ.

"ಏನ ಬೇ? ಹೇಳ."

"ತಡೀಲೇ, ಮುಟ್ಟಾಕತ್ತೇನಿಲ್ಲೋ" ಎಂದೆ.

ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು ಮಡಿಲಿಗೆಳೆದುಕೊಂಡೆ. ಸೆರಗು ಮುಚ್ಚಿದೆ. ತಿಕ್ಕಿದೆ, ಬಾಯಿಂದ ಊದಿದೆ, ಹೊಟ್ಟೆಗೆ ಒತ್ತಿಕೊಂಡೆ. ಅವನು ಮೇಲಿಂದ ನೋಡುತ್ತಿದ್ದ. ಓಣಿಯ ಮಗ್ಗಗಳೆಲ್ಲ ಕರೆಂಟು ಹೋಗಿ ನಿಂತವು, ಮತ್ತೆ ಬಂದು ಶುರುವಾದವು. ನನ್ನ ಕೈಯ ಶಾಖವೋ ಏನೋ, ಹೆಬ್ಬೆರಳು ಒಂದಿಷ್ಟು ಮೆತ್ತಗಾಯಿತು.

ಆಗ ಹೇಳಿದೆ: "ಬೆಚ್ಚಗೈತಿ."